ಬೋಲ್ಗಟಾಂಗಾದ ಹಿರಿಯರು ಮತ್ತು ನಮ್ಮ ಮನೆಯ ಎಡೆ: ಫ್ರಾಫ್ರಾ ನಂಬಿಕೆಗಳ ಕುರಿತು ಒಂದು ಪ್ರಶ್ನೆ

ಟಿಳಕವಾಡಿ ಅಕ್ಕ (ಬೆಳಗಾವಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂದೂವರೆ ವರ್ಷದಿಂದ ಘಾನಾ ದೇಶದ ಒಬ್ಬ ವಿದ್ಯಾರ್ಥಿ ಬಾಡಿಗೆಗೆ ಇದ್ದಾನೆ. ಅವನ ಊರು ಆ ದೇಶದ ಉತ್ತರದ ಅಂಚಿನಲ್ಲಿ, ಬುರ್ಕಿನಾ ಫಾಸೊ ಗಡಿಗೆ ಹತ್ತಿರವಿರುವ ಬೋಲ್ಗಟಾಂಗಾ ಪಟ್ಟಣದ ಆಸುಪಾಸಿನಲ್ಲಿದೆ; ತಾನು ಫ್ರಾಫ್ರಾ ಜನಾಂಗದವನೆಂದು ಹೇಳುತ್ತಾನೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಮಾತು ಕಡಿಮೆಯಾದರೂ ನಡತೆಯಲ್ಲಿ ಹೆಸರಿಡಲಾಗದ ಹುಡುಗ.

ಕಳೆದ ಮಹಾನವಮಿ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರ ಪೂಜೆ ಇತ್ತು. ನಮ್ಮದು ಮೂಲತಃ ಸವದತ್ತಿ ಕಡೆಯ ಹಳ್ಳಿ. ಪಡಸಾಲೆಯಲ್ಲಿ ಅತ್ತೆ ಮಾವನವರ ಫೋಟೊ ಮುಂದೆ ಹೊಸ ಧೋತರ, ಸೀರೆ, ಕುಪ್ಪಸದ ಖಣ ಮಡಚಿಟ್ಟು, ಹೋಳಿಗೆ, ಕಡಬು, ಅನ್ನ, ಕಟ್ಟಿನ ಸಾರಿನ ಎಡೆ ಹಿಡಿಯುತ್ತೇವೆ. ಮಾವನವರಿಗೆ ಪ್ರಿಯವಾಗಿದ್ದ ಎಲೆಯಡಿಕೆ ಚೀಲವನ್ನು ಎಡೆಯ ಪಕ್ಕದಲ್ಲಿಡುವುದನ್ನು ನನ್ನ ಯಜಮಾನರು ಒಂದು ವರ್ಷವೂ ಮರೆತಿಲ್ಲ. ಅದೇ ಹೊತ್ತಿಗೆ ಬಾಡಿಗೆ ಕೊಡಲೆಂದು ಕೆಳಗೆ ಬಂದ ಹುಡುಗ, ಹೊಸ್ತಿಲ ಆಚೆಯೇ ಚಪ್ಪಲಿ ಬಿಟ್ಟು, ಒಳಗೆ ಕಾಲಿಡದೆ ಬಹಳ ಹೊತ್ತು ನೋಡುತ್ತ ನಿಂತ. ನಾವು ಬಾಗಿಲು ಮುಚ್ಚಿ, ಹಿರಿಯರು ಉಣ್ಣಲಿ ಎಂದು ಹೊರಗೆ ಬಂದು ಕುಳಿತಾಗ ಅವನು ಕೇಳಿದ ಪ್ರಶ್ನೆ ಇದು: "ಇವರನ್ನು ಇಲ್ಲಿಗೆ ಕರೆದವರು ಯಾರು? ಅಂಕಲ್ ನೇರವಾಗಿ ಅವರನ್ನೇ ಕರೆದರೋ, ಬೇರೆ ಯಾರ ಮೂಲಕವಾದರೂ ಕರೆಸಿದರೋ?"

ನಾವು ಯಾರನ್ನೂ ಹೀಗೆ ವಿಧಿವತ್ತಾಗಿ ಕರೆಯುವುದಿಲ್ಲ, ಆ ದಿನ ಅವರೇ ಬರುತ್ತಾರೆ ಎಂದೆ. ಅವನಿಗೆ ಈ ಉತ್ತರ ಅಪೂರ್ಣವೆನಿಸಿತು ಎಂಬುದು ಮುಖದಿಂದಲೇ ತಿಳಿಯಿತು. ಆಮೇಲೆ ತನ್ನ ಮನೆಯ ಮುಂದೆ ಅಜ್ಜನ ಹೆಸರಿನ ಮಣ್ಣಿನ ಗುಪ್ಪೆಯೊಂದಿದೆ ಎಂದೂ, ಇಂಡಿಯಾಕ್ಕೆ ಹೊರಡುವ ಮುನ್ನ ತಂದೆ ಅದರ ಮೇಲೆ ಒಂದು ಗಿನಿ ಕೋಳಿಯನ್ನು ಕೊಯ್ದರೆಂದೂ ಹೇಳಿದ. ನೀನು ಕ್ರೈಸ್ತನಲ್ಲವೇ ಎಂದದ್ದಕ್ಕೆ, "ಹೌದು, ಆದರೆ ಅಜ್ಜ ಅಜ್ಜನೇ" ಎಂದು ನಕ್ಕುಬಿಟ್ಟ.

ಅಂದಿನಿಂದ ನನ್ನನ್ನು ಕಾಡುತ್ತಿರುವುದೇನೆಂದರೆ, ಈ ಜನರಿಗೆ ಸತ್ತ ಹಿರಿಯರು ದೇವರೇ, ಅಥವಾ ನಮ್ಮಂತೆ ವರ್ಷಕ್ಕೊಮ್ಮೆ ನೆನೆಯುವ ಮನೆಯವರೇ? ಕರೆಯುವವರು ಯಾರು ಎಂಬುದು ಅವನಿಗೆ ಅಷ್ಟು ಮುಖ್ಯವಾದದ್ದೇಕೆ? ಅವನನ್ನೇ ಕೆದಕಿ ಕೇಳುವುದಕ್ಕೆ ಸಂಕೋಚವಾಗುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಇದ್ದು ಬಂದವರು ಅಥವಾ ಈ ವಿಷಯವನ್ನು ಓದಿಕೊಂಡವರು ಇಲ್ಲಿದ್ದರೆ ದಯವಿಟ್ಟು ತಿಳಿಸಬೇಕು.

ಇಂಡಿಯ ಬೋರ್‌ವೆಲ್ ಇಂಜಿನಿಯರ್ (ಇಂಡಿ ಪಟ್ಟಣ, ವಿಜಯಪುರ ಜಿಲ್ಲೆ) ಬರೆದದ್ದು:

ಅಕ್ಕಾವ್ರೇ, ನಾನು ಕೊಳವೆಬಾವಿ ಕೊರೆಯುವ ಕಂಪನಿಯೊಂದರ ಕೆಲಸದ ಮೇಲೆ ಸುಮಾರು ಮೂರು ವರ್ಷ ಅದೇ ಬೋಲ್ಗಟಾಂಗಾ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಓಡಾಡಿದವನು. ಮೊದಲು ಹೆಸರಿನ ಮಾತು. "ಫ್ರಾಫ್ರಾ" ಎಂಬುದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಎದುರಿಗೆ ಸಿಕ್ಕವರಿಗೆ, ಅದರಲ್ಲೂ ದುಡಿಯುತ್ತಿರುವವರಿಗೆ "ಫರಾ ಫರಾ" ಎಂದು ಹೇಳುವ ಅವರ ವಂದನೆಯನ್ನು ಕೇಳಿದ ಹೊರಗಿನವರು ಅದನ್ನೇ ಜನಾಂಗದ ಹೆಸರು ಮಾಡಿದರು ಎನ್ನುತ್ತಾರೆ. ಅದರೊಳಗೆ ಗುರೆನ್ಸಿ, ತಾಲೆನ್ಸಿ, ನಬ್ದಾಮ್, ಬೂಸಿ ಎಂಬ ಗುಂಪುಗಳಿವೆ.

ನಮ್ಮ ವಿಜಯಪುರದವರಿಗೆ ಆ ಸೀಮೆ ಅಪರಿಚಿತವೆನಿಸುವುದಿಲ್ಲ. ವರ್ಷಕ್ಕೆ ಒಂದೇ ಮಳೆಗಾಲ, ಉಳಿದಂತೆ ಧೂಳು ಮತ್ತು ಬಿಸಿಲು. ಹೊಲದಲ್ಲಿ ಸಜ್ಜೆ ಮತ್ತು ಜೋಳ. ನಾವು ನಮ್ಮದೇ ಎಂದುಕೊಂಡಿರುವ ಸಜ್ಜೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಪಶ್ಚಿಮ ಆಫ್ರಿಕಾದಲ್ಲಿಯೇ ಬೇಸಾಯಕ್ಕೆ ಬಂದು, ಆಮೇಲೆ ನಮ್ಮ ಕಡೆಗೆ ಸಾಗಿಬಂದ ಧಾನ್ಯವೆಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆಯೇ. ಅವರ ಹಿರಿಯರಿಗೆ ಸಲ್ಲುವ ಮೊದಲ ನೈವೇದ್ಯವೂ ಅದೇ. ಹಿಟ್ಟು ಕಲಸಿದ ನೀರು.

ನಾನು ಅವರ ನಂಬಿಕೆಯನ್ನು ಮೊದಲು ಕಂಡದ್ದು ಹಿರಿಯರ ವಿಷಯದಲ್ಲಲ್ಲ, ನೆಲದ ವಿಷಯದಲ್ಲಿ. ಒಂದು ಹಳ್ಳಿಯಲ್ಲಿ ರಿಗ್ ತಂದು ನಿಲ್ಲಿಸಿದ್ದೇವೆ, ಕಾಗದಪತ್ರಗಳೆಲ್ಲ ಸರಿಯಾಗಿವೆ, ಊರ ಮುಖಂಡರಾದ "ನಾಬಾ" ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಆದರೂ ಎರಡು ದಿನ ಒಂದು ಅಡಿಯೂ ಕೊರೆಯಲಾಗಲಿಲ್ಲ. ಏಕೆಂದರೆ "ತೆಂದಾನ" ಇನ್ನೂ ಬಂದಿರಲಿಲ್ಲ. ಟಿಂಗಾ ಅಥವಾ ತೆಂಗ್ ಎಂದರೆ ನೆಲ, ದಾನ ಎಂದರೆ ಒಡೆಯ. ಆದರೆ ಈ ಒಡೆತನ ನಮ್ಮ ಉತಾರದಲ್ಲಿ ಬರೆದಿರುವಂಥದ್ದಲ್ಲ. ಆ ಸ್ಥಳದಲ್ಲಿ ಮೊದಲು ನೆಲೆಸಿದ ವಂಶದ ಹಿರಿಯನಾಗಿ, ನೆಲದ ಜೊತೆ ಮಾತಾಡುವ ಹಕ್ಕು ಮತ್ತು ಹೊಣೆ ಅವನದು. ಜಗಳದಲ್ಲಿ ನೆಲದ ಮೇಲೆ ರಕ್ತ ಬಿದ್ದರೆ ನೆಲ ಮೈಲಿಗೆಯಾಗುತ್ತದೆ, ಅದನ್ನು ತಿಳಿಗೊಳಿಸಬೇಕಾದವನು ಅವನೇ. ಮುಖಂಡನಿಗೆ ಜನರ ಮೇಲೆ ಅಧಿಕಾರ, ತೆಂದಾನನಿಗೆ ನೆಲದ ಹೊಣೆ. ಒಬ್ಬನ ಕೆಲಸವನ್ನು ಇನ್ನೊಬ್ಬ ಮಾಡುವಂತಿಲ್ಲ. ಮೂರನೆಯ ದಿನ ಮುದುಕರೊಬ್ಬರು ಮೈಮೇಲೆ ಆಡಿನ ಚರ್ಮ ಹೊದ್ದು ಬಂದರು. ಬೇವಿನ ಗಿಡದ ನೆರಳಲ್ಲಿ ಕುಳಿತು ಹಿಟ್ಟಿನ ನೀರು ಸುರಿದರು, ಒಂದು ಕೋಳಿಯ ಕತ್ತು ಕೊಯ್ದು ಬಿಟ್ಟರು. ಅದು ಹಾರಿ ಒದ್ದಾಡಿ ಕೊನೆಗೆ ಅಂಗಾತ ಬಿದ್ದಾಗ ಸುತ್ತಲಿದ್ದವರೆಲ್ಲ ಒಮ್ಮೆಲೇ ಹಗುರಾದರು. ಬೋರಲಾಗಿ ಬಿದ್ದಿದ್ದರೆ ಒಪ್ಪಿಗೆಯಿಲ್ಲವೆಂದು ಅರ್ಥವಂತೆ, ಕಾರಣವನ್ನು ಮತ್ತೆ ಹುಡುಕಬೇಕಾಗುತ್ತಿತ್ತು. ನಮ್ಮ ಡ್ರಿಲ್ಲರ್ ತಮ್ಮಣ್ಣ ಮಾತ್ರ ಡೀಸೆಲ್ ಲೆಕ್ಕ ಹಾಕುತ್ತ ಗೊಣಗುತ್ತಿದ್ದ.

ಇನ್ನು ಹಿರಿಯರ ವಿಷಯ. ಅಲ್ಲಿಯ ಮನೆಯೆಂದರೆ ಒಂದು ಕಟ್ಟಡವಲ್ಲ. ಮಣ್ಣಿನ ದುಂಡು ಕೋಣೆಗಳನ್ನು ಗೋಡೆಯಿಂದ ಒಂದಕ್ಕೊಂದು ಸೇರಿಸಿ ಮಾಡಿದ ವಾಡೆ. ಅದರ ಬಾಗಿಲ ಮುಂದೆ, ದನ ಬರುವ ದಾರಿಯಲ್ಲಿಯೇ, ನಮ್ಮ ಹೊಲದ ಬದುವಿನ ಹುತ್ತದಂತೆ ಮೇಲೆ ಕಿರಿದಾದ ಮಣ್ಣಿನ ಗುಪ್ಪೆಗಳಿರುತ್ತವೆ. ಒಣಗಿದ ರಕ್ತದ ಮೇಲೆ ಅಂಟಿದ ಕೋಳಿಯ ಪುಕ್ಕಗಳು, ತಲೆಯ ಮೇಲೊಂದು ಕಲ್ಲು ಅಥವಾ ಗಡಿಗೆಯ ಚೂರು. ಮಕ್ಕಳು ಅದಕ್ಕೆ ಒರಗಿಕೊಂಡು ಆಡುತ್ತಿರುತ್ತಾರೆ, ಆಡುಗಳು ಮೈ ಉಜ್ಜುತ್ತವೆ. ಮೊದಲ ದಿನ ನಾನು ಕೈಮುಗಿಯಲು ಹೋದಾಗ ಮನೆಯ ಯಜಮಾನ ನಕ್ಕು, "ಅವರು ನಮ್ಮ ತಂದೆ" ಎಂದ. ಕೈಮುಗಿಯುವ ಅಗತ್ಯವಿರಲಿಲ್ಲ, ಆದರೆ ಅವರ ಪಾಲನ್ನು ಕೊಡದೆ ಇರುವಂತಿರಲಿಲ್ಲ.

ನಿಮ್ಮ ಹುಡುಗ ಕೇಳಿದ "ಕರೆದವರು ಯಾರು" ಎಂಬ ಪ್ರಶ್ನೆಗೆ ಉತ್ತರ ಅವರ ಪ್ರಾರ್ಥನೆಯ ಕ್ರಮದಲ್ಲಿದೆ. ಯಜಮಾನ ಕುಕ್ಕರಗಾಲಲ್ಲಿ ಕುಳಿತು, ಹಿಟ್ಟಿನ ನೀರಿನ ಸೋರೆಬುರುಡೆ ಹಿಡಿದು, ಪಕ್ಕದ ಮನೆಯವರೊಡನೆ ಮಾತಾಡುವ ದನಿಯಲ್ಲಿಯೇ ಶುರುಮಾಡುತ್ತಾನೆ: ಅಪ್ಪಾ, ಈ ನೀರು ತೆಗೆದುಕೋ, ನಿನ್ನ ಅಪ್ಪನನ್ನು ಕರೆ, ಅವನು ಅವನಪ್ಪನನ್ನು ಕರೆಯಲಿ, ಎಲ್ಲರೂ ಕೂಡಿ ಬಂದು ಕೇಳಿರಿ. ಹತ್ತು ತಲೆಮಾರಿನ ಹಿಂದಿನ ಮೂಲಪುರುಷ ಎಷ್ಟೇ ದೊಡ್ಡವನಾಗಿರಲಿ, ಮೊಮ್ಮಗ ನಡುವಿನವರನ್ನು ಬಿಟ್ಟು ಅವನನ್ನು ನೇರವಾಗಿ ಕೂಗುವುದಿಲ್ಲ. ತನ್ನ ತಂದೆಯ ಮೂಲಕವೇ ಕರೆಸಬೇಕು. ತಾಲೂಕು ಕಚೇರಿಯ ಅರ್ಜಿ ತಲಾಠಿಯನ್ನು ಬಿಟ್ಟು ನೇರವಾಗಿ ಜಿಲ್ಲಾಧಿಕಾರಿಗೆ ಹೋದಂತಾಗಬಾರದು, ಅಷ್ಟೇ. ಆಮೇಲೆ ಬೇಡಿಕೆಗಿಂತ ಹೆಚ್ಚಾಗಿ ಲೆಕ್ಕ ಒಪ್ಪಿಸುತ್ತಾನೆ. ಕಳೆದ ವರ್ಷ ಆಡು ಕೊಡುತ್ತೇನೆಂದಿದ್ದೆ, ಕೊಟ್ಟಿದ್ದೇನೆ, ಆದರೂ ಮಗುವಿನ ಜ್ವರ ಇಳಿದಿಲ್ಲ, ಇದು ಸರಿಯೇ? ಬೈಯುವ ದನಿಯನ್ನೂ ನಾನು ಕೇಳಿದ್ದೇನೆ.

ಜ್ವರ, ಬೆಳೆ ಹಾಳು, ಬಸಿರು ನಿಲ್ಲದಿರುವುದು, ಹೀಗೆ ಏನೇ ಆದರೂ ಮೊದಲು ಕಣಿ ಕೇಳುತ್ತಾರೆ. ಕಣಿ ಹೇಳುವವನ ಬಳಿ ಒಂದು ಚರ್ಮದ ಚೀಲ; ಅದರೊಳಗೆ ಮೂಳೆ, ಕಲ್ಲು, ಕೊಂಬಿನ ತುಂಡು, ಬಟ್ಟೆಯ ಚಿಂದಿ, ಇಂಥ ನೂರೆಂಟು ವಸ್ತುಗಳು, ಒಂದೊಂದಕ್ಕೂ ಒಂದೊಂದು ಅರ್ಥ. ಅವನು ಗಿಲಕಿ ಆಡಿಸಿ ತನ್ನ ಹಿರಿಯರನ್ನು ಎಬ್ಬಿಸುತ್ತಾನೆ. ಆಮೇಲೆ ಒಂದು ಕೋಲಿನ ಒಂದು ತುದಿಯನ್ನು ಅವನೂ ಇನ್ನೊಂದನ್ನು ಕೇಳಲು ಬಂದವನೂ ಹಿಡಿಯುತ್ತಾರೆ, ಕೋಲು ತಾನಾಗಿಯೇ ಎಂಬಂತೆ ಓಲಾಡಿ ವಸ್ತುಗಳನ್ನು ಕುಟ್ಟುತ್ತ ಹೋಗುತ್ತದೆ. ಯಾವ ಹಿರಿಯ ಮುನಿದಿದ್ದಾನೆ, ಏಕೆ, ಏನು ಬೇಕು ಎಂಬುದು ಹೀಗೆ ಹೊರಬರುತ್ತದೆ. ಕೈಗಳೆರಡೂ ಕೋಲಿನ ಮೇಲಿದ್ದ ಮೇಲೆ ತೀರ್ಪಿನಲ್ಲಿ ಕೇಳುವವನ ಪಾಲೂ ಇರುತ್ತದಲ್ಲ ಎಂದು ನನಗೆ ಯಾವಾಗಲೂ ಅನಿಸುತ್ತಿತ್ತು.

ಜಮಖಂಡಿಯ ನಿವೃತ್ತ ಸಮಾಜಶಾಸ್ತ್ರ ಅಧ್ಯಾಪಕ (ಬಾಗಲಕೋಟೆ ಜಿಲ್ಲೆ) ಬರೆದದ್ದು:

ಇಂಜಿನಿಯರ್ ಸಾಹೇಬರು ಕಣ್ಣಾರೆ ಕಂಡದ್ದನ್ನು ಬರೆದಿದ್ದಾರೆ. ನಾನು ಓದಿ, ನಲವತ್ತು ವರ್ಷ ಪಾಠ ಮಾಡಿದ್ದನ್ನು ಅದಕ್ಕೆ ಸೇರಿಸುತ್ತೇನೆ. ಫ್ರಾಫ್ರಾಗಳಲ್ಲಿ ಒಂದು ಗುಂಪಾದ ತಾಲೆನ್ಸಿಗಳ ನಡುವೆ ಮೇಯರ್ ಫೋರ್ಟಿಸ್ ಎಂಬ ಮಾನವಶಾಸ್ತ್ರಜ್ಞರು 1934ರಿಂದ 1937ರವರೆಗಿನ ಅವಧಿಯಲ್ಲಿ ಕೆಲಸ ಮಾಡಿದರು. ಪೂರ್ವಜರ ಆರಾಧನೆಯ ಬಗ್ಗೆ ಜಗತ್ತಿನ ಸಮಾಜಶಾಸ್ತ್ರ ತರಗತಿಗಳಲ್ಲಿ ಇಂದಿಗೂ ನಡೆಯುವ ಚರ್ಚೆಯ ಬಹುಪಾಲು ಆ ಬೆಟ್ಟಗುಡ್ಡಗಳ ಹಳ್ಳಿಗಳಿಂದಲೇ ಹೊರಟಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅಕ್ಕನವರು "ದೇವರೇ, ಮನೆಯವರೇ" ಎಂದು ಕೇಳಿದ್ದಾರೆ. ದೇವರು ಬೇರೆ. ಆಕಾಶದಲ್ಲಿರುವ ಸೃಷ್ಟಿಕರ್ತನನ್ನು ಫ್ರಾಫ್ರಾಗಳ ಗುರೆನೆ ಭಾಷೆಯಲ್ಲಿ "ಯಿನೆ" ಅಥವಾ "ವಿನೆ" ಎನ್ನುತ್ತಾರೆ. ಅವನಿಗೆ ಗುಡಿಯೂ ಇಲ್ಲ, ಪೂಜಾರಿಯೂ ಇಲ್ಲ, ದಿನನಿತ್ಯದ ವ್ಯವಹಾರದಲ್ಲಿ ಅವನನ್ನು ತೊಂದರೆಗೊಳಿಸುವುದೂ ಕಡಿಮೆ. ಹಿರಿಯರಾದರೋ ಮನೆಯವರೇ, ಆದರೆ ಅಧಿಕಾರವನ್ನು ಕಳೆದುಕೊಳ್ಳದ ಮನೆಯವರು. ನಮ್ಮ ಹಿರಿಯರನ್ನು ನಾವು ವರ್ಷಕ್ಕೊಮ್ಮೆ ಕರೆದು, ಉಣಿಸಿ, ತೃಪ್ತಿಪಡಿಸಿ ಕಳುಹಿಸುತ್ತೇವೆ. ನಮ್ಮ ಸಂಸ್ಕಾರದ ಒತ್ತು ಅವರ ಸದ್ಗತಿಯ ಮೇಲಿದೆ. ಫ್ರಾಫ್ರಾ ಹಿರಿಯ ಎಲ್ಲಿಗೂ ಹೋಗುವುದಿಲ್ಲ. ಬದುಕಿದ್ದಾಗ ಮಕ್ಕಳ ಮೇಲೆ ಇದ್ದ ತಂದೆಯ ಹಕ್ಕು ಸತ್ತ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಈಗ ಅವನನ್ನು ವಾದಿಸಿ ಗೆಲ್ಲಲು ಸಾಧ್ಯವಿಲ್ಲ. ನಮ್ಮ ಪಿತೃಪಕ್ಷದೊಂದಿಗೆ ಹೋಲಿಸುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ಸತ್ತವರೆಲ್ಲ ಹಿರಿಯರಾಗುವುದಿಲ್ಲ ಎಂಬುದು ಎರಡನೆಯ ಮಾತು. ಎಷ್ಟೇ ಒಳ್ಳೆಯವನಾಗಿ ಬಾಳಿದರೂ ಮಕ್ಕಳಿಲ್ಲದೆ ಸತ್ತವನಿಗೆ ಗುಪ್ಪೆಯಿಲ್ಲ. ಅವನಿಗೆ ಹಿಟ್ಟಿನ ನೀರು ಸುರಿಯುವವರು ಇಲ್ಲ. ಇದಕ್ಕೆ ವಿರುದ್ಧವಾಗಿ, ಬದುಕಿದ್ದಾಗ ಕೆಟ್ಟವನೆನಿಸಿಕೊಂಡ ತಂದೆಯೂ ಮಕ್ಕಳನ್ನು ಬಿಟ್ಟುಹೋದರೆ ಹಿರಿಯನಾಗುತ್ತಾನೆ. ಅಂದರೆ ಇದು ಗುಣಕ್ಕೆ ಸಲ್ಲುವ ಗೌರವವಲ್ಲ, ಸಂಬಂಧಕ್ಕೆ ಸಲ್ಲುವ ಗೌರವ. ಮಕ್ಕಳಿದ್ದರೂ ಅಂತ್ಯಕ್ರಿಯೆ ಪೂರ್ಣವಾಗುವವರೆಗೆ ಸತ್ತವನು ಹಿರಿಯರ ಸಾಲಿಗೆ ಸೇರುವುದಿಲ್ಲ. ಹೂಳುವುದು ಆಗಲೇ ಮುಗಿಯುತ್ತದೆ. ಕೊನೆಯ ಕ್ರಿಯೆ ಮಾತ್ರ ಕಣಜದಲ್ಲಿ ಕಾಳು ತುಂಬಿ, ಜೋಳದ ಮದ್ಯ ಕಾಯಿಸುವಷ್ಟು ಅನುಕೂಲವಾದಾಗ, ಸಾಮಾನ್ಯವಾಗಿ ಸುಗ್ಗಿಯ ನಂತರದ ಒಣ ತಿಂಗಳುಗಳಲ್ಲಿ ನಡೆಯುತ್ತದೆ. ಬಡವರ ಮನೆಯಲ್ಲಿ ಇದು ವರ್ಷಗಟ್ಟಲೆ ಮುಂದೆ ಹೋಗುವುದುಂಟು.

ಈಗ ನಿಮ್ಮ ಹುಡುಗನ ವಿಷಯ. ತಂದೆ ಬದುಕಿರುವವರೆಗೆ ಮಗ, ಅವನಿಗೆ ಐವತ್ತು ವರ್ಷವಾಗಿದ್ದರೂ, ತಾನೇ ಹಿರಿಯರ ಮುಂದೆ ಕುಳಿತು ಬಲಿ ಕೊಡುವಂತಿಲ್ಲ. ತಂದೆಯೇ ಅವನ ಪರವಾಗಿ ಕೊಡಬೇಕು. ಆದ್ದರಿಂದಲೇ ಅವನು ಹೊರಡುವಾಗ ಗಿನಿ ಕೋಳಿ ಕೊಯ್ದದ್ದು ತಂದೆ. ತಾಲೆನ್ಸಿಗಳ ನಮೂ ಎಂಬ ಕುಲಗಳಲ್ಲಿ ಈ ಬಿಗಿ ಇನ್ನೂ ತೀವ್ರ. ಹಿರಿಯ ಮಗ ತಂದೆಯ ಟೊಪ್ಪಿಗೆ ಹಾಕುವಂತಿಲ್ಲ, ಅವನ ಅಂಗಿ ತೊಡುವಂತಿಲ್ಲ, ಒಂದೇ ಪಾತ್ರೆಯಲ್ಲಿ ಅವನೊಡನೆ ಉಣ್ಣುವಂತಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ತಂದೆಯ ಕಣಜದೊಳಗೆ ಇಣುಕುವಂತಿಲ್ಲ. ತಂದೆ ಸತ್ತ ಮೇಲೆ, ಕ್ರಿಯೆಯ ಒಂದು ಘಟ್ಟದಲ್ಲಿ, ಅವನಿಗೆ ತಂದೆಯ ಅಂಗಿಯನ್ನು ಒಳಮೈ ಹೊರಗಾಗಿ ತಿರುವಿ ತೊಡಿಸಿ, ಕೈಹಿಡಿದು ಕಣಜದ ಬಳಿಗೆ ಕರೆದೊಯ್ದು, ಒಳಗೆ ನೋಡು ಎನ್ನುತ್ತಾರೆ. ಒಂದು ಕ್ಷಣ ಕಲ್ಪಿಸಿಕೊಳ್ಳಿ: ಹುಟ್ಟಿದಾಗಿನಿಂದ ಅಂಗಳದ ನಡುವೆ ನಿಂತಿದ್ದ, ದಿನವೂ ಅದರ ಕಾಳನ್ನೇ ಉಂಡ, ಆದರೆ ಒಮ್ಮೆಯೂ ಒಳಗನ್ನು ಕಾಣದ ಕಣಜ. ತಂದೆ ಮಗನ ನಡುವಿನ ಒಳಜಗಳವನ್ನು, ನೀನು ಹೋದರೆ ನಾನು ಎಂಬ ಹೇಳಲಾಗದ ಮಾತನ್ನು, ಇಷ್ಟು ಪ್ರಾಮಾಣಿಕವಾಗಿ ಬಯಲಿಗಿಟ್ಟು ನಿಭಾಯಿಸಿದ ಆಚರಣೆಯನ್ನು ನಾನು ಬೇರೆಲ್ಲೂ ಓದಿಲ್ಲ. ನಮ್ಮಲ್ಲಿ ಪಾಲುಪಾಟಿಯ ಸಮಯದಲ್ಲಿ ಕೋರ್ಟಿನವರೆಗೆ ಹೋಗುವುದನ್ನು ಅವರು ಒಂದು ಅಂಗಿಯಲ್ಲಿ ತಿರುವಿ ತೋರಿಸುತ್ತಾರೆ.

ತಾಯಿಯ ಕಡೆಯವರು ಇಲ್ಲಿ ಲೆಕ್ಕಕ್ಕಿಲ್ಲವೆಂದು ತಿಳಿಯಬೇಡಿ. ವಂಶ ತಂದೆಯದೇ ಆದರೂ, ಕಣಿ ಹೇಳುವ ಶಕ್ತಿಯನ್ನು ಕೊಡುವ "ಬಕೋಲ್ಗೊ" ಹಿರಿಯರಲ್ಲಿ ತಾಯಿಯ ಮೂಲಕ ಬಂದವರೇ ಹಲವೊಮ್ಮೆ ಮುಂದಾಳುಗಳು, ಮತ್ತು ಅವರೇ ಹೆಚ್ಚು ಹಟಮಾರಿಗಳು. ಬೇಕೆಂದು ಹಿಡಿದರೆ ಮನುಷ್ಯ ಒಪ್ಪಿಕೊಳ್ಳುವವರೆಗೆ ಬಿಡುವುದಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾದದ್ದು. ಪ್ರತಿಯೊಬ್ಬನೂ ಹುಟ್ಟುವ ಮೊದಲು ಮೇಲೆ ದೇವರ ಬಳಿ ನಿಂತು ತನ್ನ ಬಾಳು ಹೇಗಿರಬೇಕೆಂದು ತಾನೇ ಬಾಯಿಬಿಟ್ಟು ಹೇಳಿರುತ್ತಾನೆ ಎಂಬುದು ತಾಲೆನ್ಸಿಗಳ ನಂಬಿಕೆ. ನನಗೆ ಹೆಂಡತಿ ಬೇಡ, ಮಕ್ಕಳು ಬೇಡ, ಬೇಸಾಯ ಬೇಡ ಎಂದು ಹೇಳಿ ಬಂದವನಿಗೆ ಇಲ್ಲಿ ಏನೂ ಕೈಗೂಡುವುದಿಲ್ಲ. ನಮ್ಮ ಹಣೆಬರಹದ ಹಾಗೆ ಕಂಡರೂ ಇದು ಹಣೆಬರಹವಲ್ಲ, ಏಕೆಂದರೆ ಬರೆದವನು ಬ್ರಹ್ಮನಲ್ಲ, ಆಡಿದವನು ತಾನೇ. ಮತ್ತು ಆಡಿದ ಮಾತನ್ನು ಹಿರಿಯರ ನೆರವಿನಿಂದ, ವಿಧಿಪೂರ್ವಕವಾಗಿ ಗುಡಿಸಿ ಹಾಕಲು ಬರುತ್ತದೆ. ಮದುವೆಯಾಗದ ಹೆಣ್ಣನ್ನೋ ಸೋತ ಗಂಡನ್ನೋ "ನೀನೇ ಕೆಟ್ಟವನು" ಎಂದು ದೂರದೆ, ಇಡೀ ವಂಶ ಕೂಡಿ ಅವನ ಹಳೆಯ ಮಾತನ್ನು ಹಿಂದಕ್ಕೆ ತೆಗೆಸುವುದಕ್ಕೆ ಇದು ದಾರಿ ಮಾಡಿಕೊಡುತ್ತದೆ.

ಹೆಸರುಗಳಲ್ಲಿಯೂ ಇದೆಲ್ಲ ಕಾಣುತ್ತದೆ. ಮಗುವನ್ನು ಕಾಯುವವರು ಯಾರೆಂದು ಕಣಿಯಲ್ಲಿ ತಿಳಿದು ಹೆಸರಿಡುವ ಪದ್ಧತಿಯಿದೆ: ಅಯಿನೆ ಎಂದರೆ ದೇವರು, ಅಟಿಂಗಾ ನೆಲ, ಅಟಾಂಗಾ ಬಂಡೆ ಅಥವಾ ಗುಡ್ಡ, ಅಟಿಯಾ ಮರ.

ಹುನಗುಂದದ ಓದುಗ (ಬಾಗಲಕೋಟೆ ಜಿಲ್ಲೆ) ಬರೆದದ್ದು:

ಗುರುಗಳ ಬರಹವನ್ನು ಗೌರವದಿಂದಲೇ ಓದಿದೆ, ಆದರೆ ಒಂದು ತಕರಾರಿದೆ. ಜ್ವರ ಬಂದ ಮಗುವಿಗೆ ಔಷಧ ಕೊಡುವ ಬದಲು ಸತ್ತ ಅಜ್ಜನ ಸಿಟ್ಟನ್ನು ಹುಡುಕುವುದನ್ನು ನಾವು ನಮ್ಮೂರಿನಲ್ಲಿ ಕಂಡರೆ ಮೂಢನಂಬಿಕೆ ಎನ್ನುತ್ತೇವೆ. ಆಫ್ರಿಕಾದಲ್ಲಿ ಕಂಡರೆ ಸಂಸ್ಕೃತಿ ಎನ್ನುವುದೇಕೆ? ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಬಲಿಯನ್ನೂ ಕಣಿಯನ್ನೂ ತಿರಸ್ಕರಿಸಿದ ನಾಡು ನಮ್ಮದು. ಅದೇ ಸೀಮೆಯಲ್ಲಿ, ಅಂಗವಿಕಲರಾಗಿ ಹುಟ್ಟಿದ ಶಿಶುಗಳನ್ನು ಕಾಡಿನ ಭೂತದ ಮಕ್ಕಳೆಂದು ಕಣಿ ಹೇಳಿಸಿ ಸಾಯಿಸುತ್ತಿದ್ದ ರೂಢಿಯಿತ್ತೆಂದು ಓದಿದ್ದೇನೆ. ಕೋಲು ತಾನಾಗಿ ಓಲಾಡಿತು ಎಂದರೆ ಆ ಮಗುವಿನ ಸಾವಿಗೆ ಯಾರು ಹೊಣೆ? ಇದನ್ನು ಬಿಟ್ಟು ಕಣಜ, ಅಂಗಿ ಎಂದು ಚೆಲುವನ್ನಷ್ಟೇ ಹೇಳುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಜಮಖಂಡಿಯ ನಿವೃತ್ತ ಅಧ್ಯಾಪಕ:

ತಕರಾರು ನ್ಯಾಯವಾದದ್ದು. ನೀವು ಹೇಳಿದ ರೂಢಿ ಬೋಲ್ಗಟಾಂಗಾದ ಪಶ್ಚಿಮಕ್ಕಿರುವ ಕಸೇನಾ-ನಂಕಾನಾ ಪ್ರದೇಶದಲ್ಲಿ ಇದ್ದದ್ದು ನಿಜ. 2013ರಲ್ಲಿ ಅಲ್ಲಿಯ ಹಲವು ಊರುಗಳ ಮುಖಂಡರೇ ಅದನ್ನು ನಿಲ್ಲಿಸಿರುವುದಾಗಿ ಬಹಿರಂಗವಾಗಿ ಘೋಷಿಸಿದರು. ನಾನದನ್ನು ಮೊದಲೇ ಹೇಳಬೇಕಿತ್ತು. ಆದರೆ ಹಿರಿಯರ ಆರಾಧನೆಯನ್ನೂ ಇದನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ; ಭೂತದ ಶಿಶು ಎಂಬ ಕಲ್ಪನೆ ಕಾಡಿಗೆ ಸೇರಿದ್ದು, ಮನೆಯ ಹಿರಿಯರಿಗೆ ಸೇರಿದ್ದಲ್ಲ. ಮನೆಯೊಳಗಿನವರು, ಮನೆಯ ಹೊರಗಿನವು ಎಂಬ ಗೆರೆ ಅವರಲ್ಲಿ ಬಹಳ ಸ್ಪಷ್ಟ.

ಔಷಧದ ಮಾತಿಗೆ ಬಂದರೆ, ಅವರು ಔಷಧವನ್ನೂ ಕೊಡುತ್ತಾರೆ. ಔಷಧ ಜ್ವರವನ್ನು ಇಳಿಸುತ್ತದೆ. ಈ ಮಗುವಿಗೇ ಏಕೆ, ಈಗಲೇ ಏಕೆ ಎಂಬ ಪ್ರಶ್ನೆಯನ್ನು ಕಣಿಗೆ ಬಿಡುತ್ತಾರೆ. ಆ ಉತ್ತರ ಬಹುಪಾಲು ಮನೆಯೊಳಗಿನ ಯಾವುದೋ ತಪ್ಪಿದ ಕರ್ತವ್ಯವನ್ನು ತೋರಿಸುತ್ತದೆಯೇ ಹೊರತು ಪಕ್ಕದ ಮನೆಯ ಮುದುಕಿಯನ್ನು ಮಾಟಗಾತಿಯೆಂದು ತೋರಿಸುವುದಿಲ್ಲ. ನನ್ನ ಮಟ್ಟಿಗೆ ಇದು ಸಣ್ಣ ಲಾಭವಲ್ಲ.

ಇಂಡಿಯ ಬೋರ್‌ವೆಲ್ ಇಂಜಿನಿಯರ್:

ಗುರುಗಳೇ, ಹೊರಗಿನವರು ಈ ಹಿರಿಯರ ಆರಾಧನೆಯನ್ನು ನಿಲ್ಲಿಸಲು ಪ್ರಯತ್ನಿಸಿದ ಕತೆಯೂ ಇಲ್ಲಿ ಬರಬೇಕು. ಬೋಲ್ಗಟಾಂಗಾದಿಂದ ಸ್ವಲ್ಪ ದೂರದಲ್ಲಿ ಟೊಂಗೊ ಬೆಟ್ಟಗಳಿವೆ. ನಮ್ಮ ಬಾದಾಮಿಯ ಬಂಡೆಗಳನ್ನು ಒಡೆದು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತವೆ, ಹಾರ್ಮಟ್ಟನ್ ಎಂಬ ಸಹಾರಾ ಕಡೆಯ ಒಣ ಗಾಳಿ ಬೀಸುವಾಗ ಬಂಡೆಗಳ ಸಂದಿಯಲ್ಲಿ ಶಿಳ್ಳೆಯಂಥ ಸದ್ದಾಗುತ್ತದೆ. ಅಲ್ಲಿಯ ತೆಂಗ್ಜುಗ್ ಎಂಬಲ್ಲಿ, ಮೇಲಿನ ಗವಿಯೊಂದರಲ್ಲಿ, ಟೊಂಗ್ನಾಬ್ ಎಂಬ ಪೂರ್ವಜ ದೈವದ ನೆಲೆಯಿದೆ. ಗಂಡಸಾಗಲಿ ಹೆಂಗಸಾಗಲಿ ಸೊಂಟದ ಮೇಲೆ ಬಟ್ಟೆಯಿಲ್ಲದೆಯೇ ಒಳಗೆ ಹೋಗಬೇಕು. ನಾನೂ ಶರ್ಟ್ ಬಿಚ್ಚಿಯೇ ಹತ್ತಿದೆ, ನಮ್ಮ ಕಡೆಯ ಕೆಲವು ಗುಡಿಗಳ ನೆನಪಾಯಿತು. ಬ್ರಿಟಿಷರು 1911ರಲ್ಲಿ ಸೈನ್ಯ ಕಳುಹಿಸಿ, ಬೆಟ್ಟದ ಮೇಲಿನ ಜನರನ್ನು ಒಕ್ಕಲೆಬ್ಬಿಸಿ, ಆ ಜಾಗವನ್ನು ಮುಚ್ಚಿಸಿದರು. ಆದದ್ದೇನು? ಮುಂದಿನ ದಶಕದಲ್ಲಿ ಕೋಕೋ ಬೆಳೆದು ಕೈತುಂಬ ಹಣ ಕಂಡ ದಕ್ಷಿಣದ ಜನ ನೂರಾರು ಮೈಲಿ ದೂರದಿಂದ ಲಾರಿ ಹತ್ತಿ ಅಲ್ಲಿಗೆ ಬರತೊಡಗಿದರು, ಅಲ್ಲಿಯ ದೈವವನ್ನು ತಮ್ಮ ಊರುಗಳಿಗೂ ಕೊಂಡೊಯ್ದು "ನಾನಾ ಟೊಂಗೊ" ಎಂದು ಕರೆದರು. ಇಂದು ಅದೇ ಬೆಟ್ಟದಲ್ಲಿ ಬಿತ್ತನೆಗೆ ಮುಂಚೆ, ಮಾರ್ಚ್ ಹೊತ್ತಿಗೆ ಗೊಲೊಗೊ ಹಬ್ಬವೂ ಸುಗ್ಗಿಯ ನಂತರ ಬೊಆರಾಮ್ ಹಬ್ಬವೂ ನಡೆಯುತ್ತವೆ.

ಕ್ರೈಸ್ತ ಧರ್ಮದ ವಿಷಯಕ್ಕೂ ಒಂದು ಮಾತು. ಕ್ಯಾಥೊಲಿಕ್ ಪಾದ್ರಿಗಳು 1906ರಲ್ಲಿ ಹತ್ತಿರದ ನವ್ರೊಂಗೊಗೆ ಬಂದರು. ಅಲ್ಲಿಯ ದೊಡ್ಡ ಚರ್ಚು ಮಣ್ಣಿನದು. ಒಳಗೋಡೆಗಳ ಮೇಲೆ ಸಿರಿಗು ಊರಿನ ಹೆಂಗಸರು ತಮ್ಮ ಮನೆಗಳ ಮೇಲೆ ಬರೆಯುವ ಕೆಂಪು, ಕಪ್ಪು, ಬಿಳಿ ಚಿತ್ತಾರವನ್ನೇ ಬರೆದಿದ್ದಾರೆ. ನಿಮ್ಮ ಹುಡುಗ ಕ್ರೈಸ್ತನಾಗಿಯೂ ಅಜ್ಜನನ್ನು ಬಿಡದಿರುವುದು ನನಗಂತೂ ಆ ಗೋಡೆಯ ಹಾಗೆಯೇ ಕಾಣುತ್ತದೆ.

ಟಿಳಕವಾಡಿ ಅಕ್ಕ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಉತ್ತರಗಳನ್ನೆಲ್ಲ ಹುಡುಗನಿಗೆ ಒಂದೊಂದಾಗಿ ಅರ್ಥ ಮಾಡಿಸಿ ಹೇಳಿದೆ. ಹಿಟ್ಟಿನ ನೀರಿನ ಪ್ರಾರ್ಥನೆಯ ಭಾಗ ಬಂದಾಗ ತಲೆಯಾಡಿಸಿದ. ತಲಾಠಿಯ ಹೋಲಿಕೆಗೆ ಬಿದ್ದು ಬಿದ್ದು ನಕ್ಕ. ಹುನಗುಂದದವರ ಮಾತಿಗೆ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಅವರು ಕೇಳಿದ್ದು ನಮ್ಮ ಮನೆಯಲ್ಲಿ ನನ್ನ ಅಕ್ಕನೂ ಕೇಳುತ್ತಾಳೆ, ಅವಳು ನರ್ಸ್" ಎಂದ. ಕಣಜದ ವಿಷಯ ತಮ್ಮ ಮನೆತನದಲ್ಲಿ ಅಷ್ಟು ಬಿಗಿಯಾಗಿಲ್ಲವಂತೆ, ಆದರೂ ತಂದೆಯ ಟೊಪ್ಪಿಗೆಯನ್ನು ತಾನು ಎಂದೂ ಹಾಕಿಕೊಂಡಿಲ್ಲವಂತೆ. ಯಾರೂ ಬೇಡವೆಂದು ಹೇಳಿದ್ದಿಲ್ಲ, ಕೈಯೇ ಹೋಗಲಿಲ್ಲ ಎಂದ. ಗುರುಗಳು ಬರೆದ ಹೆಸರುಗಳಲ್ಲಿ ನೆಲದ ಹೆಸರು ಅವನ ಹೆಸರಿನೊಳಗೂ ಇದೆ, ಒಂದೂವರೆ ವರ್ಷ ಕೂಗಿದರೂ ನನಗೆ ಅದರ ಅರ್ಥ ತಿಳಿದಿರಲಿಲ್ಲ.

ಮೊನ್ನೆ ಎಳ್ಳ ಅಮಾವಾಸ್ಯೆಗೆ ಅವನನ್ನೂ ಊರಿಗೆ ಕರೆದುಕೊಂಡು ಹೋಗಿದ್ದೆವು. ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಬುತ್ತಿ ಬಿಚ್ಚಿ, ಸಜ್ಜೆ ಕಡಬು, ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲವನ್ನೂ ಪೂಜೆಗಿಟ್ಟೆವು. ಸಜ್ಜೆ ಕಡಬನ್ನು ಮುರಿದು ಮೂಸಿ ನೋಡಿ, ಇದು ನಮ್ಮ "ನಾರಾ" ಎಂದ. ಅವನ ತಾಯಿ ಅದರಿಂದ ಸಗಬೊ ಎಂಬ ಗಟ್ಟಿ ಸಂಗಟಿ ಮಾಡುತ್ತಾರಂತೆ. ಆಮೇಲೆ ನನ್ನ ಯಜಮಾನರು ಚರಗ ಚೆಲ್ಲಲು ಹೊರಟರು. ಮುಂದೆ ಅವರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಬೆಳೆಯ ಮೇಲೆ ಅನ್ನ ಎರಚುವುದು, ಹಿಂದೆ ಒಬ್ಬರು ತಂಬಿಗೆಯಿಂದ ನೀರು ಚಿಮುಕಿಸುವುದು. ನಮ್ಮ ಮಗ ಊರಲ್ಲಿ ಇರಲಿಲ್ಲವಾದ್ದರಿಂದ ತಂಬಿಗೆಯನ್ನು ಈ ಹುಡುಗನ ಕೈಗೆ ಕೊಟ್ಟೆವು. ಯಾರಿಗ ಈ ಊಟ ಎಂದು ಕೇಳಿದ, ಭೂಮ್ತಾಯಿಗೆ ಎಂದೆವು. ತಂಬಿಗೆ ಹಿಡಿದು ನಿಂತವನು, ಒಂದು ನಿಮಿಷ ಎಂದು ಬದುವಿನ ಕಡೆಗೆ ಹೋಗಿ ತಂದೆಗೆ ಫೋನ್ ಹಚ್ಚಿದ. ನಮಗಿಲ್ಲಿ ಮಧ್ಯಾಹ್ನ ಒಂದೂವರೆ, ಅಲ್ಲಿ ಬೆಳಿಗ್ಗೆ ಎಂಟು. ಬೇರೆಯವರ ನೆಲಕ್ಕೆ ತಾನು ನೀರು ಹಾಕಬಹುದೇ ಎಂದು ಕೇಳಿದನಂತೆ.

ತಂದೆ ತಿರುಗಿ ಕೇಳಿದ್ದು ಒಂದೇ ಮಾತು, ಅಲ್ಲಿಯ ತೆಂದಾನ ಯಾರು ಎಂದು. ಹುಡುಗ ಹೊಲದ ನಡುವೆ ಧೋತರದ ಚುಂಗು ಸಿಕ್ಕಿಸಿ, ಅನ್ನದ ಬುಟ್ಟಿ ಹೊತ್ತು, ಬಿಸಿಲಿಗೆ ಸಿಡಿಮಿಡಿಗೊಳ್ಳುತ್ತ ಕಾಯುತ್ತಿದ್ದ ನನ್ನ ಯಜಮಾನರನ್ನು ಒಮ್ಮೆ ತಿರುಗಿ ನೋಡಿ, "ಅಂಕಲ್" ಎಂದನಂತೆ. ಹಾಗಾದರೆ ಅವರು ಹೇಳಿದಂತೆ ಮಾಡು ಎಂದು ಅಪ್ಪಣೆಯಾಯಿತು. ಅಲ್ಲಿಂದ ಹೊಲದ ಕೊನೆಯ ಸಾಲಿನವರೆಗೆ ಅವನೇ ನೀರು ಚಿಮುಕಿಸಿದ.